ನೇತ್ರಾವತಿಯ ಉಪ್ಪೂ ಜೀವಕಣದ ಹೊಸ್ತಿಲೂ

ಘಟ್ಟದಲ್ಲಿ ಹುಟ್ಟಿ, ಬೆಳ್ತಂಗಡಿಯ ಸೀಮೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಪಾಣೆಮಂಗಳೂರು ಬಂಟ್ವಾಳಗಳ ನಡುವೆ ಹರಿದು ಮಂಗಳೂರಿನ ಬಳಿ ಕಡಲನ್ನು ಸೇರುವ ನೇತ್ರಾವತಿಯು ತುಳುನಾಡಿಗೆ ನೀರನ್ನು ಮಾತ್ರ ಕೊಟ್ಟ ನದಿಯಲ್ಲ. ರೈಲೂ ಮೋಟಾರೂ ಇಲ್ಲದ ಕಾಲದಲ್ಲಿ ಈ ನಾಡಿನ ಹೆದ್ದಾರಿಯೂ ಅದೇ ಆಗಿದ್ದಿತು. ಆ ಹೆದ್ದಾರಿಯಲ್ಲಿ ನಡೆದ ಸರಕುಗಳಲ್ಲಿ ಮುಖ್ಯವಾದುದು ಯಾವುದೆಂಬುದಕ್ಕೆ ಉಪ್ಪಿನಂಗಡಿ ಎಂಬ ಹೆಸರೇ ಸಾಕ್ಷಿಯಾಗಿದೆ. ಕಡಲ ಕರೆಯಿಂದ ದೋಣಿಗಳಲ್ಲಿ ಬಂಟ್ವಾಳದವರೆಗೆ ಬಂದ ಉಪ್ಪೂ ಒಣಮೀನೂ ಅಲ್ಲಿಂದ ಮುಂದೆ ಹೇರೆತ್ತುಗಳ ಬೆನ್ನೇರಿ, ಬೆಳ್ತಂಗಡಿ ಚಾರ್ಮಾಡಿಗಳ ಮಾರ್ಗವಾಗಿ ಘಟ್ಟ ಹತ್ತುತ್ತಿದ್ದವು. ಘಟ್ಟದ ಮೇಲಣ ಮೈಸೂರು ಸೀಮೆಯ ಸರಕು ಅದೇ ದಾರಿಯಲ್ಲಿ ಕೆಳಗಿಳಿಯುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿಯೂ ಅದಕ್ಕೆ ಸೇರಿತು. ಬಂಟ್ವಾಳದ ಪೇಟೆಯು ಬೆಳೆದುದು ಈ ಏರಿಳಿತದ ನಡುವಣ ತಂಗುದಾಣವಾಗಿ.

ಉಪ್ಪು ಬೆಟ್ಟವನ್ನು ಹತ್ತಿದ ಕಥೆಯನ್ನು ಇತಿಹಾಸಕಾರರು ಬರೆದಿದ್ದಾರೆ. ಅದೇ ಉಪ್ಪು ಜೀವಿಗಳ ಮೈಯೊಳಗಿನ ಅತಿ ಸೂಕ್ಷ್ಮವಾದ ಹೊಸ್ತಿಲನ್ನು ಹೇಗೆ ದಾಟುತ್ತದೆ, ಯಾವಾಗ ದಾಟಲಾರದೆ ಹೊರಗೆ ನಿಲ್ಲುತ್ತದೆ ಎಂಬುದು ಇನ್ನೊಂದು ಕಥೆ. ಈ ಎರಡನೆಯ ಕಥೆಯನ್ನು ಮನುಷ್ಯನು ಅರಿಯುವುದಕ್ಕೆ ಇನ್ನೂರು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ಅದು ತಿಳಿಯದೆ ಇದ್ದ ಅಷ್ಟು ಕಾಲವೂ, ಮನೆಯಲ್ಲಿ ಉಪ್ಪಿದ್ದೂ ಅಕ್ಕಿಯಿದ್ದೂ, ವಾಂತಿಭೇದಿಯಲ್ಲಿ ಜನರು ಸಾಯುತ್ತಲೇ ಇದ್ದರು. ಆದುದರಿಂದ ಎರಡು ಕಥೆಗಳನ್ನೂ ಒಟ್ಟಿಗೆ ನೋಡುವುದು ಪ್ರಯೋಜನಕರವು.

ಮೊದಲು ಪೇಟೆಯ ಕಥೆ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಕನ್ನಡ ಜಿಲ್ಲೆಯು ಆಂಗ್ಲ ಕಂಪೆನಿಯ ಕೈಸೇರಿತು. ಕಂಪೆನಿಯ ಅಪ್ಪಣೆಯಂತೆ ನಾಡನ್ನು ಪರಿಶೀಲಿಸಲು ಹೊರಟ ಡಾಕ್ಟರ್ ಫ್ರಾನ್ಸಿಸ್ ಬುಕನನ್ ಎಂಬವನು 1801ರಲ್ಲಿ ಮಂಗಳೂರಿನಿಂದ ಬಂಟ್ವಾಳಕ್ಕೂ, ಅಲ್ಲಿಂದ ಬೆಳ್ತಂಗಡಿ, ವೇಣೂರು, ಮೂಡಬಿದ್ರೆಗಳಿಗೂ ಪಯಣ ಮಾಡಿ ಕಂಡುದನ್ನೆಲ್ಲ ಬರೆದಿಟ್ಟನು. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ವೇಳೆಗೆ ಕಂಪೆನಿಯ ಸರಕಾರವು ಉಪ್ಪಿನ ಮೇಲೆ ಕೈಯಿಟ್ಟಿತು. 1805ರಲ್ಲಿ ಮದ್ರಾಸು ಅಧಿಪತ್ಯದಲ್ಲಿ ಆರಂಭವಾದ ಉಪ್ಪಿನ ಏಕಸ್ವಾಮ್ಯವನ್ನು 1807ರಲ್ಲಿ ಕನ್ನಡ ಮತ್ತು ಮಲಬಾರು ಜಿಲ್ಲೆಗಳಿಗೂ ಹಬ್ಬಿಸಲಾಯಿತು. ಅಂದಿನಿಂದ ಉಪ್ಪನ್ನು ಸರಕಾರದ ಕೈಯಿಂದ, ಸರಕಾರವು ಹೇಳಿದ ಬೆಲೆಗೆ ಕೊಳ್ಳಬೇಕಾಯಿತು. 1830–31ರ ರೈತಕೂಟಗಳ ಕಾಲದಲ್ಲಿಯೂ, 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ದಂಡು ಬಂಟ್ವಾಳದ ಮಾರ್ಗವಾಗಿ ಮಂಗಳೂರನ್ನು ಸೇರಿದ ದಂಗೆಯಲ್ಲಿಯೂ, ಕಂದಾಯದ ಭಾರದೊಡನೆ ಉಪ್ಪು ಹೊಗೆಸೊಪ್ಪುಗಳ ಏಕಸ್ವಾಮ್ಯವೂ ಜನರ ಅಸಮಾಧಾನಕ್ಕೆ ಕಾರಣವಾಗಿದ್ದಿತು. ಪಾಣೆಮಂಗಳೂರಿಗೆ ಸಮೀಪದ ನಂದಾವರದ ಲಕ್ಷ್ಮಪ್ಪ ಬಂಗರಸನು ಆ ದಂಗೆಯಲ್ಲಿ ಸೇರಿ ನೇಣಿಗೇರಿದನು. ಮುಂದೆ 1888ರಲ್ಲಿ ಉಪ್ಪಿನ ಸುಂಕವು ಮಣವೊಂದಕ್ಕೆ ಎರಡೂವರೆ ರೂಪಾಯಿಗೆ ಏರಿತು. ಇಳಿದು, 1923ರಲ್ಲಿ ಮತ್ತೊಮ್ಮೆ ಅಷ್ಟಕ್ಕೇ ಏರಿತು. 1930ರಲ್ಲಿ ಗಾಂಧೀಜಿಯವರು ದಂಡಿಯ ಕಡಲ ಕರೆಗೆ ನಡೆದರು. ಕನ್ನಡ ಕರಾವಳಿಯ ಅಂಕೋಲೆಯಲ್ಲಿ ಜನರು ಉಪ್ಪು ತಯಾರಿಸಿ ಕಾನೂನು ಮುರಿದರು. 1947ರ ಏಪ್ರಿಲ್ 1ರಿಂದ ಉಪ್ಪಿನ ಸುಂಕವು ತೆಗೆದುಹೋಯಿತು.

ಬಡವನೂ ಬಲ್ಲಿದನೂ ಇಷ್ಟೊಂದು ಬೆಲೆ ತೆತ್ತು ಉಪ್ಪನ್ನು ಕೊಂಡುದೇಕೆ? ರುಚಿಗಾಗಿ ಮಾತ್ರವೆ? ಅಲ್ಲ. ತುಳುನಾಡಿನ ಮಳೆಗಾಲವು ದೀರ್ಘವಾದುದು. ಆಷಾಢ ಶ್ರಾವಣಗಳಲ್ಲಿ, ಎಂದರೆ ತುಳುವರ ಆಟಿ ತಿಂಗಳಲ್ಲಿ, ಗದ್ದೆಯ ಕೆಲಸ ಮುಗಿದು, ಕಣಜ ಬರಿದಾಗಿ, ತರಕಾರಿ ದುರ್ಲಭವಾಗುತ್ತಿದ್ದಿತು. ಆ ಕಷ್ಟಕಾಲಕ್ಕೆಂದು ಗೃಹಿಣಿಯರು ಬೇಸಗೆಯಲ್ಲಿಯೇ ಮಾವಿನ ಮಿಡಿಯನ್ನೂ ಹಲಸಿನ ಸೊಳೆಯನ್ನೂ ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು, ಹೀಗೆ ಭರಣಿಯನ್ನು ತುಂಬಿ ಬಾಯಿ ಕಟ್ಟಿದರೆ, ಹನಿ ನೀರನ್ನು ಹಾಕದಿದ್ದರೂ ಕೆಲವು ದಿನಗಳಲ್ಲಿ ಭರಣಿಯಲ್ಲಿ ಉಪ್ಪುನೀರು ನಿಲ್ಲುತ್ತದೆ. ನುಣುಪಾಗಿದ್ದ ಮಿಡಿಗಳು ಸುಕ್ಕುಗಟ್ಟುತ್ತವೆ. ಹಲಸಿನ ಕಾಯಿಸೊಳೆಗೂ ಇದೇ ಗತಿ. ಆಟಿಯಲ್ಲಿ ಅದನ್ನು ಹೊರತೆಗೆದು ಸಿಹಿನೀರಿನಲ್ಲಿ ನೆನೆಯಿಟ್ಟರೆ ಉಪ್ಪು ಬಿಟ್ಟುಕೊಂಡು ಪದಾರ್ಥಕ್ಕೆ ಒದಗುತ್ತದೆ. ಇದನ್ನು ತಲೆಮಾರುಗಳಿಂದ ಮಾಡುತ್ತ ಬಂದ ಮನೆಗಳಲ್ಲಿ, ಆ ನೀರು ಎಲ್ಲಿಂದ ಬಂದಿತು, ಯಾವ ಬಲದಿಂದ ಬಂದಿತು ಎಂಬ ಪ್ರಶ್ನೆಯು ಏಳುವ ಕಾರಣವಿರಲಿಲ್ಲ, ಕೆಲಸವು ಆಗುತ್ತಿದ್ದಿತಷ್ಟೆ.

ಆ ಪ್ರಶ್ನೆಯು ಏಳುವುದಕ್ಕೆ ಒಂದು ಆಕಸ್ಮಿಕವು ಬೇಕಾಯಿತು. 1748ರಲ್ಲಿ ಫ್ರಾನ್ಸಿನ ಪಾದ್ರಿಯೂ ವಿಜ್ಞಾನಿಯೂ ಆದ ನೊಲ್ಲೆ ಎಂಬವನು ಒಂದು ಪಾತ್ರೆಯಲ್ಲಿ ಮದ್ಯಸಾರವನ್ನು ತುಂಬಿ, ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು, ನೀರಿನಲ್ಲಿ ಮುಳುಗಿಸಿಟ್ಟಿದ್ದನು. ಕೆಲವು ಗಂಟೆಗಳ ಮೇಲೆ ನೋಡಲಾಗಿ ಪೊರೆಯು ಉಬ್ಬಿ ನಿಂತಿತ್ತು. ಸೂಜಿಯಿಂದ ಚುಚ್ಚಿದೊಡನೆ ದ್ರವವು ಕಾರಂಜಿಯಂತೆ ಚಿಮ್ಮಿತು. ನೀರು ಪೊರೆಯನ್ನು ದಾಟಿ ಒಳಗೆ ಹೋಗಿದ್ದಿತು. ಮದ್ಯಸಾರವು ಅಷ್ಟು ಸುಲಭವಾಗಿ ಹೊರಗೆ ಬಂದಿರಲಿಲ್ಲ. ಸುಮಾರು ಎಂಬತ್ತು ವರ್ಷಗಳ ತರುವಾಯ ಅದೇ ದೇಶದ ದುತ್ರೋಷೆ ಎಂಬವನು ಈ ಚಲನೆಯನ್ನು ಅಳತೆ ಮಾಡಿ, ಗಿಡಮರಗಳ ಮತ್ತು ಪ್ರಾಣಿಗಳ ಜೀವವ್ಯಾಪಾರಕ್ಕೆ ಇದೇ ಆಧಾರವೆಂದು ಸಾರಿದನು. ಜರ್ಮನ್ ಪಂಡಿತನಾದ ಪ್‌ಫೆಫರನು 1877ರಲ್ಲಿ ಮಣ್ಣಿನ ಪಾತ್ರೆಯ ರಂಧ್ರಗಳಲ್ಲಿ ರಾಸಾಯನಿಕ ಪೊರೆಯೊಂದನ್ನು ಕಟ್ಟಿ, ಒಳಗೆ ಸಕ್ಕರೆಯ ನೀರನ್ನು ತುಂಬಿ ನೋಡಿದನು. ನೂರಕ್ಕೆ ಒಂದು ಪಾಲು ಸಕ್ಕರೆಯಿದ್ದ ನೀರು ಅರ್ಧ ಮೀಟರಿಗೂ ಹೆಚ್ಚು ಎತ್ತರದ ಪಾದರಸದ ಕಂಬವನ್ನು ಎತ್ತಿಹಿಡಿಯಿತು! ಡಚ್ ದೇಶದ ಹ್ಯೂಗೊ ಡಿ ವ್ರೀಸನು ಸಸ್ಯದ ಕಣಗಳನ್ನು ಗಟ್ಟಿಯಾದ ಉಪ್ಪುನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕಣದ ಒಳಚೀಲವು ನೀರನ್ನು ಕಳೆದುಕೊಂಡು ಗೋಡೆಯಿಂದ ಕಳಚಿ ಕುಗ್ಗುವುದು ಕಣ್ಣಿಗೆ ಕಂಡಿತು. ಅವನದೇ ದೇಶದ ವಾಂಟ್ ಹಾಫನು 1887ರಲ್ಲಿ ಇದಕ್ಕೆಲ್ಲ ಗಣಿತದ ಸೂತ್ರವನ್ನು ಕೊಟ್ಟನು. 1901ರಲ್ಲಿ ರಸಾಯನ ಶಾಸ್ತ್ರದ ಮೊತ್ತಮೊದಲನೆಯ ನೊಬೆಲ್ ಬಹುಮಾನವು ಅವನಿಗೆ ಸಂದಿತು.

ಈ ಪಂಡಿತರೆಲ್ಲರು ಕಂಡ ನಿಯಮವನ್ನು ಭರಣಿಯ ಭಾಷೆಯಲ್ಲಿ ಹೇಳಬಹುದಾಗಿದೆ. ಮಾವಿನ ಮಿಡಿಯು ಲಕ್ಷಾಂತರ ಜೀವಕಣಗಳ ಒಟ್ಟಿಲು. ಒಂದೊಂದು ಕಣವನ್ನೂ ಒಂದು ಪೊರೆಯು ಸುತ್ತಿಕೊಂಡಿದೆ. ಆ ಪೊರೆಯು ನೀರನ್ನು ದಾಟಗೊಡುತ್ತದೆ, ಉಪ್ಪನ್ನು ತಡೆಯುತ್ತದೆ. ಹೊರಗೆ ಉಪ್ಪು ಹೆಚ್ಚಾಗಿ ಒಳಗೆ ಕಡಮೆಯಾಗಿದ್ದಾಗ, ನೀರು ತೆಳುವಾದ ಕಡೆಯಿಂದ ಗಟ್ಟಿಯಾದ ಕಡೆಗೆ ನಡೆದು ಎರಡನ್ನೂ ಸಮಮಾಡಲು ಯತ್ನಿಸುತ್ತದೆ. ಮಿಡಿಯು ಸುಕ್ಕುಗಟ್ಟುವುದು ಇದರಿಂದಲೇ. ಕೆಡಿಸಬಂದ ಸೂಕ್ಷ್ಮಜೀವಿಗಳ ಮೈಯಿಂದಲೂ ನೀರು ಹೀಗೆಯೇ ಸೆಳೆಯಲ್ಪಡುವುದರಿಂದ ಅವುಗಳಲ್ಲಿ ಹೆಚ್ಚಿನವು ಬೆಳೆಯಲಾರವು. ಮಿಡಿಯು ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಮಿಡಿಯ ಒಳಗಿನ ತಿರುಳೂ ಉಪ್ಪಾಗುತ್ತದೆಯಲ್ಲ, ಅದು ಹೇಗೆ? ಕಣವು ಜೀವದಿಂದಿರುವವರೆಗೆ ಮಾತ್ರ ಪೊರೆಯ ಕಾವಲು. ನೀರು ಬತ್ತಿ ಕಣವು ಸತ್ತ ಮೇಲೆ ಕಾವಲುಗಾರನಿಲ್ಲದ ಬಾಗಿಲಿನಂತೆ ಪೊರೆಯು ಹರಿದು, ಉಪ್ಪು ಒಳಗೆ ನುಗ್ಗುತ್ತದೆ. ಜೀವಕ್ಕೂ ಮರಣಕ್ಕೂ ಇರುವ ಅಂತರವನ್ನು ಉಪ್ಪಿನಕಾಯಿಯ ಭರಣಿಯು ಇಷ್ಟು ಸ್ಪಷ್ಟವಾಗಿ ತೋರಿಸುತ್ತದೆ.

ಈ ಪೊರೆಯು ಎಂತಹುದು? 1890ರ ದಶಕದಲ್ಲಿ ಓವರ್ಟನ್ ಎಂಬವನು ಎಣ್ಣೆಯಲ್ಲಿ ಕರಗುವ ವಸ್ತುಗಳು ಕಣವನ್ನು ಬೇಗನೆ ಹೊಗುವುದನ್ನು ಕಂಡು, ಪೊರೆಯು ಎಣ್ಣೆಯ ಜಾತಿಯದೆಂದು ಊಹಿಸಿದನು. 1925ರಲ್ಲಿ ಗೊರ್ಟರ್ ಮತ್ತು ಗ್ರೆಂಡೆಲ್ ಎಂಬವರು ಅದು ಎರಡು ಪದರದ ಮೇದಸ್ಸೆಂದು ತೋರಿಸಿದರು. ಅದರ ದಪ್ಪವು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು ಮಾತ್ರ. ಬಟ್ಟೆಯ ಸೋಸಣಿಗೆಯು ದೊಡ್ಡದನ್ನು ತಡೆದು ಚಿಕ್ಕದನ್ನು ಬಿಡುತ್ತದೆ. ಜೀವಕಣದ ಪೊರೆಯ ನ್ಯಾಯವೇ ಬೇರೆ. ಉಪ್ಪಿನ ಅಂಶವಾದ ಸೋಡಿಯಂ ಅತಿ ಚಿಕ್ಕದಾದರೂ ವಿದ್ಯುದಂಶವುಳ್ಳದ್ದಾದುದರಿಂದ ಎಣ್ಣೆಯ ಪದರವು ಅದನ್ನು ಒಳಗೆ ಬಿಡದು. ಅದು ದಾಟಬೇಕಾದರೆ ಪೊರೆಯಲ್ಲಿ ನೆಟ್ಟಿರುವ ಸಸಾರಜನಕದ ಬಾಗಿಲುಗಳಿಂದಲೇ ದಾಟಬೇಕು. ಡೆನ್ಮಾರ್ಕಿನ ಸ್ಕೌ ಎಂಬವನು 1957ರಲ್ಲಿ ಇಂತಹ ಒಂದು ಯಂತ್ರವನ್ನು ಗುರುತಿಸಿದನು. ಅದು ಶಕ್ತಿಯನ್ನು ವೆಚ್ಚಮಾಡಿ ಮೂರು ಸೋಡಿಯಂಗಳನ್ನು ಹೊರಗೆ ದೂಡಿ ಎರಡು ಪೊಟಾಸಿಯಂಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರಿಗೂ ತನ್ನದೇ ಆದ ಕಾಲುವೆಗಳುಂಟೆಂಬುದು ಅಮೆರಿಕದ ಪೀಟರ್ ಆಗ್ರೆಯಿಂದ 1992ರಲ್ಲಿ ಸ್ಥಿರಪಟ್ಟಿತು. ಅಂತಹ ಒಂದೇ ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು ಮುನ್ನೂರು ಕೋಟಿ ನೀರಿನ ಅಣುಗಳು ಸಾಗಬಲ್ಲವು.

ಇನ್ನು ವಾಂತಿಭೇದಿಯ ಮಾತು. 1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ ಮಾರಿಯು ಒಂದೆರಡು ವರ್ಷಗಳಲ್ಲಿ ಹಿಂದುಸ್ಥಾನವನ್ನೆಲ್ಲ ವ್ಯಾಪಿಸಿತು; ಆಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಜಾತ್ರೆ ಯಾತ್ರೆಗಳ ಬೆನ್ನು ಬಿಡಲಿಲ್ಲ. ಬೆಳಗ್ಗೆ ಆರೋಗ್ಯವಾಗಿದ್ದವನು ಸಂಜೆಗೆ ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ಧ್ವನಿಯುಡುಗಿ ಸಾಯುತ್ತಿದ್ದನು. ಸುಕ್ಕುಗಟ್ಟಿದ ಮಿಡಿಗೂ ಈ ಶರೀರಕ್ಕೂ ಹೋಲಿಕೆಯಿರುವುದು ಬರಿಯ ಉಪಮೆಯಲ್ಲ. ಎರಡರಲ್ಲಿಯೂ ನೀರು ಉಪ್ಪಿನ ಬೆನ್ನು ಹಿಡಿದು ಹೋಗಿರುತ್ತದೆ. ಆದರೆ ಆ ಕಾಲದ ವೈದ್ಯರು ಇದನ್ನು ಅರಿಯಲಿಲ್ಲ. ಯುರೋಪಿನ ವೈದ್ಯರು ನೀರು ಬತ್ತಿದ ರೋಗಿಯ ರಕ್ತವನ್ನು ಇನ್ನೂ ತೆಗೆದರು, ವಿರೇಚನವನ್ನು ಕೊಟ್ಟರು. ಈ ದೇಶದ ಎಷ್ಟೋ ಮನೆಗಳಲ್ಲಿ, ನೀರು ಕೊಟ್ಟರೆ ಭೇದಿಯು ಹೆಚ್ಚೀತೆಂದು ಬಾಯಾರಿದವನಿಗೆ ನೀರನ್ನೇ ತಡೆದರು.

ಸತ್ಯದ ಮೊದಲನೆಯ ಮಿಣುಕು 1831ರಲ್ಲಿ ಕಾಣಿಸಿತು. ಐರ್ಲೆಂಡಿನ ತರುಣ ವೈದ್ಯನಾದ ಓಶಾಗ್ನೆಸಿ ಎಂಬವನು ಇಂಗ್ಲೆಂಡಿನ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣವೂ ಕಡಮೆಯಾಗಿವೆಯೆಂದು ತೋರಿಸಿದನು. ಮರುವರ್ಷ ಸ್ಕಾಟ್ಲೆಂಡಿನ ಡಾಕ್ಟರ್ ಲಾಟಾ ಎಂಬವನು ಉಪ್ಪುನೀರನ್ನು ನೇರವಾಗಿ ರಕ್ತನಾಳಕ್ಕೆ ಬಿಟ್ಟು ಸಾಯುತ್ತಿದ್ದ ಕೆಲವರನ್ನು ಎಬ್ಬಿಸಿದನು. ಆದರೆ ಅವರ ಮಾತಿಗೆ ಮನ್ನಣೆ ದೊರೆಯದೆ ಆ ವಿಧಾನವು ಬಹುಕಾಲ ಮೂಲೆಗೆ ಬಿದ್ದಿತು. ಓಶಾಗ್ನೆಸಿಯು 1833ರಲ್ಲಿ ಕಂಪೆನಿಯ ಚಾಕರಿಗೆ ಸೇರಿ ಕಲ್ಕತ್ತೆಗೆ ಬಂದನು. ಈ ದೇಶದಲ್ಲಿ ತಂತಿಮಾರ್ಗವನ್ನು ಹಾಕಿಸಿ ಪ್ರಸಿದ್ಧನಾದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸನು ರಕ್ತನಾಳದ ಉಪ್ಪುನೀರಿನ ಚಿಕಿತ್ಸೆಯನ್ನು ಮತ್ತೆ ಆರಂಭಿಸಲು, ಸಾವಿನ ಪ್ರಮಾಣವು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಸೂಜಿಯೂ ಶುದ್ಧಜಲವೂ ವೈದ್ಯನೂ ಇರುವ ಆಸ್ಪತ್ರೆಯು ಘಟ್ಟದ ಬುಡದ ಹಳ್ಳಿಗಳಿಗೆ ಎಷ್ಟು ದೂರ!

ಉಪ್ಪುನೀರನ್ನು ಬಾಯಿಂದಲೇ ಕುಡಿಸಬಾರದೆ? ಕುಡಿಸಿ ನೋಡಿದವರುಂಟು, ಪ್ರಯೋಜನವಾಗಲಿಲ್ಲ. ಕರುಳು ಅದನ್ನು ಹೀರದೆ ಹೊರಗೆ ಹಾಕುತ್ತಿದ್ದಿತು. ಇದರ ಗುಟ್ಟು ಎರಡು ಹೆಜ್ಜೆಗಳಲ್ಲಿ ಬಯಲಾಯಿತು. 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾ ಕ್ರಿಮಿಯು ಒಂದು ವಿಷವನ್ನು ಸ್ರವಿಸುವುದೆಂದೂ, ಕರುಳು ನೀರನ್ನು ಸುರಿಸುವುದು ಆ ವಿಷದಿಂದಲೇ ಎಂದೂ ಸಿದ್ಧಮಾಡಿದರು. ವಿಷವು ಕರುಳಿನ ಕಣಗಳ ಬಾಗಿಲೊಂದನ್ನು ತೆರೆದು ಹಿಡಿಯುವುದರಿಂದ ಲವಣವು ಹೊರಗೆ ಸುರಿಯುತ್ತದೆ, ನೀರು ಅದನ್ನು ಹಿಂಬಾಲಿಸುತ್ತದೆ. 1960ರಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಎಂಬವನು ಇನ್ನೊಂದು ಬಾಗಿಲಿನ ವರ್ತಮಾನವನ್ನು ಸಾರಿದನು. ಅದು ಜೋಡಿಯಾಗಿ ಬಂದವರಿಗೆ ಮಾತ್ರ ತೆರೆಯುವ ಬಾಗಿಲು: ಗ್ಲೂಕೋಸು ಸಕ್ಕರೆಯು ಜೊತೆಗಿದ್ದರೆ ಮಾತ್ರ ಸೋಡಿಯಂ ಅದರಲ್ಲಿ ಒಳಗೆ ಹೋಗುತ್ತದೆ, ಸೋಡಿಯಂ ಹೋದ ಕಡೆಗೆ ನೀರು ಹೋಗುತ್ತದೆ. ಕಾಲರಾದ ವಿಷವು ಈ ಬಾಗಿಲನ್ನು ಕೆಡಿಸಲಾರದು. ಬರಿಯ ಉಪ್ಪುನೀರು ಸೋತುದಕ್ಕೂ, ಸಕ್ಕರೆ ಬೆರೆತ ಉಪ್ಪುನೀರು ಗೆದ್ದುದಕ್ಕೂ ಕಾರಣವು ಇದೇ.

1968ರಲ್ಲಿ ಢಾಕಾದಲ್ಲಿ ಇದನ್ನು ಕಾಲರಾ ರೋಗಿಗಳಿಗೆ ಕುಡಿಸಿ ಪರೀಕ್ಷಿಸಿದರು. 1971ರಲ್ಲಿ ಬಂಗಾಳದ ಯುದ್ಧದಿಂದ ಓಡಿಬಂದ ನಿರಾಶ್ರಿತರಲ್ಲಿ ಕಾಲರಾ ಎದ್ದಾಗ, ಬನಗಾಂವಿನ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ದ್ರವವು ಮುಗಿದುಹೋಯಿತು. ಆಗ ಡಾಕ್ಟರ್ ದಿಲೀಪ ಮಹಲನಾಬಿಸರು ಉಪ್ಪು, ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕದಡಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಔಷಧವನ್ನು ಕೊಟ್ಟವರು ವೈದ್ಯರಲ್ಲ, ತಾಯಂದಿರು ಮತ್ತು ಅಣ್ಣತಮ್ಮಂದಿರು ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಈ ಜ್ಞಾನವನ್ನು ಹಿಡಿದು ತುಳುನಾಡಿನ ಮನೆಯತ್ತ ಮರಳಿ ನೋಡಿದರೆ ಹಲವು ಪರಿಚಿತ ವಸ್ತುಗಳಿಗೆ ಹೊಸ ಅರ್ಥವು ಬರುತ್ತದೆ. ಕುಚ್ಚಲಕ್ಕಿಯ ಗಂಜಿಗೆ ಉಪ್ಪು ಹಾಕಿ ಉಣ್ಣುವುದು ಇಲ್ಲಿಯ ನಿತ್ಯದ ವಾಡಿಕೆ. ಅಕ್ಕಿಯ ಪಿಷ್ಟವು ಕರುಳಿನಲ್ಲಿ ಒಡೆದು ಗ್ಲೂಕೋಸಾಗುತ್ತದೆ. 1980ರ ದಶಕದಲ್ಲಿ ಕಲ್ಕತ್ತೆ ಢಾಕಾಗಳಲ್ಲಿ ಸಕ್ಕರೆಗೆ ಬದಲಾಗಿ ಅಕ್ಕಿಯ ಹಿಟ್ಟನ್ನು ಬೇಯಿಸಿ ಲವಣ ಬೆರೆಸಿ ಕೊಟ್ಟು ನೋಡಲು, ಕಾಲರಾ ರೋಗಿಗಳ ಭೇದಿಯು ಇನ್ನೂ ಕಡಮೆಯಾಯಿತು. ಪಿಷ್ಟದ ಅಣು ದೊಡ್ಡದಾದುದರಿಂದ ಅದು ನೀರನ್ನು ತನ್ನತ್ತ ಹೆಚ್ಚು ಸೆಳೆಯದೆ, ಸಕ್ಕರೆಯನ್ನು ಮೆಲ್ಲಮೆಲ್ಲನೆ ಬಾಗಿಲಿಗೆ ಒದಗಿಸುತ್ತದೆ. ಆಟಿ ತಿಂಗಳಲ್ಲಿ ತೆಂಗಿನ ತಿರಿಯನ್ನುಟ್ಟು ಊರ ಮಾರಿಯನ್ನು ಕಳೆಯಲು ಮನೆಮನೆಗೆ ಬರುವ ಆಟಿ ಕಳಂಜನಿಗೆ ಗೃಹಸ್ಥರು ಅಕ್ಕಿ, ಉಪ್ಪು, ಅರಶಿನ ಮೊದಲಾದುವನ್ನು ಕೊಡುವ ಪದ್ಧತಿಯುಂಟು. ಮಾರಿಯನ್ನು ಕಳೆಯಲು ಬೇಕಾದ ಎರಡು ವಸ್ತುಗಳು ಅವನ ಜೋಳಿಗೆಯಲ್ಲಿಯೇ ಇದ್ದುವು. ಹಾಗೆಂದು ಪೂರ್ವಿಕರಿಗೆ ಇದೆಲ್ಲವೂ ತಿಳಿದಿದ್ದಿತೆಂದು ಹೆಮ್ಮೆಪಡುವುದು ಇತಿಹಾಸಕ್ಕೆ ಅಪಚಾರವಾದೀತು. ವಸ್ತುವು ಕೈಯಲ್ಲಿರುವುದು ಬೇರೆ, ಅದರ ಅಳತೆಯನ್ನೂ ಸಮಯವನ್ನೂ ಅರಿತಿರುವುದು ಬೇರೆ. ಅರಿತಿದ್ದರೆ ಬಾಯಾರಿದ ರೋಗಿಗೆ ನೀರನ್ನು ತಡೆಯುತ್ತಿರಲಿಲ್ಲ.

ಮೂಡಬಿದ್ರೆಯ ಬಸದಿಗಳ ಸುತ್ತಲಿನ ಜೈನ ಮನೆತನಗಳ ಆಚಾರವೊಂದು ಇಲ್ಲಿ ನೆನೆಯತಕ್ಕುದು. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳಿಗೆ ಹಿಂಸೆಯಾಗಬಾರದೆಂದು ಶ್ರಾವಕರು ನೀರನ್ನು ಮಡಿಕೆ ಹಾಕಿದ ದಪ್ಪ ಬಟ್ಟೆಯಲ್ಲಿ ಸೋಸಿ ಬಳಸಬೇಕೆಂಬುದು ಜೈನಧರ್ಮದ ವಿಧಿ. ಅದು ಅಹಿಂಸೆಗಾಗಿ ಹುಟ್ಟಿದುದೇ ಹೊರತು ವೈದ್ಯಕ್ಕಾಗಿ ಅಲ್ಲ. ಕಾಲರಾದ ಕ್ರಿಮಿಯಾದರೋ ಬಟ್ಟೆಯ ಕಣ್ಣುಗಳಿಗಿಂತ ಎಷ್ಟೋ ಚಿಕ್ಕದು, ಬಿಡಿಯಾಗಿದ್ದರೆ ತೂರಿಹೋಗುತ್ತದೆ. ಆದರೆ ಅದು ಕೆರೆ ಹೊಳೆಗಳಲ್ಲಿ ಸಣ್ಣ ಜಲಜಂತುಗಳ ಮೈಗೆ ಅಂಟಿಕೊಂಡಿರುತ್ತದೆ. ಆ ಜಂತುಗಳು ಬಟ್ಟೆಯಲ್ಲಿ ನಿಲ್ಲುತ್ತವೆ. ಬಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧದಷ್ಟು ತಗ್ಗಿತೆಂದು ಡಾಕ್ಟರ್ ರೀಟಾ ಕೋಲ್ವೆಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕುದಿಸಿದ ನೀರಿಗೆ ಇದು ಸಮವಲ್ಲದಿದ್ದರೂ, ಇತರ ಜೀವಿಗಳ ಮೇಲಣ ಕರುಣೆಯು ಮನುಷ್ಯನನ್ನೂ ಕಾಯಬಲ್ಲುದೆಂಬುದಕ್ಕೆ ದೃಷ್ಟಾಂತವಾಗಿದೆ.

ಒಂದು ಎಚ್ಚರಿಕೆಯ ಮಾತೂ ಅವಶ್ಯ. ಉಪ್ಪು ಒಳ್ಳೆಯದೆಂದು ಅಳತೆ ಮೀರಿ ಹಾಕಿದರೆ, ಭರಣಿಯಲ್ಲಿ ಮಿಡಿಗೆ ಆದುದೇ ಮಗುವಿನ ಕರುಳಿಗೂ ಆಗುತ್ತದೆ. ಮೈಯ ನೀರು ಒಳಗೆ ಬರುವ ಬದಲು ಹೊರಗೆ ಹೋಗುತ್ತದೆ. ಸಕ್ಕರೆಯೂ ಹಾಗೆಯೇ. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಚಹದ ಚಮಚದಿಂದ ಮಟ್ಟಸವಾಗಿ ಅರ್ಧ ಚಮಚ ಉಪ್ಪು, ಆರು ಚಮಚ ಸಕ್ಕರೆ ಎಂಬುದು ಮನೆಯಲ್ಲಿ ತಯಾರಿಸುವುದಕ್ಕೆ ಹೇಳಿದ ಅಳತೆ. ಲೋಕಾರೋಗ್ಯ ಸಂಸ್ಥೆಯೂ ಇದೇ ಕಾರಣದಿಂದ 2002ರಲ್ಲಿ ತನ್ನ ಪೊಟ್ಟಣದ ಲವಣ ಸಕ್ಕರೆಗಳೆರಡನ್ನೂ ತಗ್ಗಿಸಿತು. ರೋಗಿಯು ಕುಡಿಯಲಾರದಷ್ಟು ಬಳಲಿದಾಗ ವೈದ್ಯನ ಸಹಾಯವೇ ಶರಣು.

ಬಂಟ್ವಾಳದ ದಕ್ಕೆಗೆ ದೋಣಿಯಲ್ಲಿ ಬರುತ್ತಿದ್ದ ಉಪ್ಪಿಗೆ ಸುಂಕವೆಷ್ಟೆಂದು ಲೆಕ್ಕವಿಟ್ಟ ಸರಕಾರವಿದ್ದಿತು. ಬೆಲೆಯೆಷ್ಟೆಂದು ಬಲ್ಲ ವರ್ತಕರಿದ್ದರು. ಎಷ್ಟು ಹಾಕಿದರೆ ಮಿಡಿಯು ಕೆಡದೆಂದು ಬಲ್ಲ ಗೃಹಿಣಿಯರಿದ್ದರು. ಅದು ಯಾವ ಜೊತೆಗಾರನೊಡನೆ ಕರುಳಿನ ಹೊಸ್ತಿಲನ್ನು ದಾಟುವುದೆಂಬುದನ್ನು ಬಲ್ಲವರು ಲೋಕದಲ್ಲಿಯೇ ಇರಲಿಲ್ಲ. ಆ ಒಂದು ತಿಳಿವಳಿಕೆಗಾಗಿ ನೊಲ್ಲೆಯ ಪಾತ್ರೆಯಿಂದ ಬನಗಾಂವಿನ ಆಸ್ಪತ್ರೆಯವರೆಗೆ 223 ವರ್ಷಗಳು ಸಂದವು. ಈಗ ಅದು ದೊರೆತಿದೆ. ಅದಕ್ಕೆ ಸುಂಕವಿಲ್ಲ, ಹೇರೆತ್ತು ಬೇಡ. ಓದುಬರಹ ಬಲ್ಲ ಪ್ರತಿಯೊಂದು ಮನೆಯೂ ಅದನ್ನು ನೆರೆಮನೆಗೆ ದಾಟಿಸಿದರೆ, ಉಪ್ಪಿನ ಪಯಣವು ನಿಜವಾಗಿ ಪೂರ್ತಿಯಾದಂತಾಗುವುದು.